ನಮ್ಮ ಕಡೆ ಇಂಥಾ ಸೀರಿ ಉಡೂದಿಲ್ಲ

ಮೊನ್ನೆ ನಮ್ಮ ಬೊರಿವಲಿಯ ಬಿಲ್ಡಿಂಗಿನ ಲಿಫ್ಟಿನಲ್ಲಿ ಆರನೇ ಮಹಡಿಯ ಹುಡುಗಿಯೊಬ್ಬಳು, ಹೇಳದೆ ಕೇಳದೆ, ನನ್ನ ಸೆರಗು ಹಿಡಿದು ನೋಡಿದಳು. ನಾನು ಉಟ್ಟಿದ್ದು ಕಪ್ಪು ಇಳಕಲ್ ಸೀರೆ, ಮೇಲೆ ಪುಗ್ಗಾ ತೋಳಿನ ಖಣದ ಕುಬಸ. "ಆಂಟೀ, ಎಷ್ಟು ವಿಂಟೇಜ್ ಆಗಿದೆ! ನಿಮ್ಮ ಮದರ್ ಕೊಟ್ಟದ್ದಾ?" ಎಂದಳು. ನನಗೆ ಅವಳ ಕೈ ಮೇಲೆ ಒಂದು ಕೊಡಬೇಕೆನ್ನಿಸಿತು. ಆ ಸೀರೆ ಹಳೆಯದೇನಲ್ಲ, ಹೋದ ವರ್ಷ ನಾನೇ ಕೊಂಡದ್ದು. ನನ್ನ ಅವ್ವ ನನಗೆ ಇಂಥ ಸೀರೆ ಕೊಡಲಿಲ್ಲ, ಕಿತ್ತುಕೊಂಡಳು. ಇದನ್ನು ಲಿಫ್ಟಿನಲ್ಲಿ ನಿಂತು ಹೇಳಲಾಗುವುದಿಲ್ಲ. ಸತ್ತ ತಾಯಂದಿರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕೆಂದು ನನಗೆ ತಿಳಿಸಿ ಹೇಳುವವರು ಬಹಳ ಜನ ಇದ್ದಾರೆ. ಅವರು ಈ ಅಧ್ಯಾಯ ಬಿಟ್ಟು ಮುಂದೆ ಹೋಗಲಿ.

ನಾವು ಆಗ ಮುಲುಂಡಿನ ಚಾಳಿನಲ್ಲಿದ್ದೆವು. ಮೊದಲ ಮಹಡಿ, ಎರಡು ಖೋಲಿ, ಎದುರಿಗೆ ಉದ್ದನೆಯ ಗ್ಯಾಲರಿ, ಗ್ಯಾಲರಿಯ ಕೊನೆಗೆ ಎಲ್ಲರಿಗೂ ಸೇರಿದ ನಲ್ಲಿ. ಹೊರಗಿನ ಖೋಲಿಯಲ್ಲಿ ಅಪ್ಪನ ಕಬ್ಬಿಣದ ಮಂಚ, ರೇಡಿಯೋ, ಮತ್ತು ಅವ್ವನ ಪ್ರಾಣವಾಗಿದ್ದ ಗಾಜಿನ ಕಪಾಟು. ಅದರಲ್ಲಿ ಯಾರೂ ಎಂದೂ ಚಹಾ ಕುಡಿಯದ ಆರು ಕಪ್ಪು, ಆರು ಬಸಿಗಳಿದ್ದವು. ಒಳಗಿನ ಖೋಲಿಯಲ್ಲಿ ಅಡಿಗೆ, ಮೂಲೆಯಲ್ಲಿ ಸ್ನಾನದ ಮೋರಿ, ಬಾಗಿಲ ಹಿಂದೆ ಒಂದು ಟ್ರಂಕು. ಆ ಟ್ರಂಕಿನ ಪಕ್ಕದ ಚಾಪೆಯಷ್ಟು ಜಾಗ ನನ್ನ ಸೋದರತ್ತೆಯದು. ಅವಳು ಅಪ್ಪನ ಅಕ್ಕ, ನೀಲವ್ವ. ಮದುವೆಯಾದ ಎರಡೇ ವರ್ಷಕ್ಕೆ ಗಂಡ ತೀರಿಕೊಂಡ. ಆಮೇಲೆ ಅವಳು ತಮ್ಮಂದಿರ ಮನೆಗಳಲ್ಲೇ ಬದುಕಿದಳು. ಅಪ್ಪ ಭಾಂಡುಪಿನ ಕಾರ್ಖಾನೆಯೊಂದರಲ್ಲಿ ಟೈಮ್‌ಕೀಪರ್ ಆಗಿದ್ದ. ಕಾರ್ಖಾನೆಯಲ್ಲಿ ಯಾರು ಎರಡು ನಿಮಿಷ ತಡವಾಗಿ ಬಂದರೂ ಬಿಡುತ್ತಿರಲಿಲ್ಲವಂತೆ. ಮನೆಯಲ್ಲಿ ಮಾತ್ರ ಅವನಿಗೆ ಗೊತ್ತಿದ್ದದ್ದು ಒಂದೇ ಮಾತು, "ಹೋಗ್ಲಿ ಬಿಡು." ಅವ್ವ ಅತ್ತೆಯನ್ನು ಬೈದರೂ ಅದೇ, ನಾನು ಅವ್ವನನ್ನು ಬೈದರೂ ಅದೇ. ಅವನ ಮೇಲೆ ನನಗೆ ಸಿಟ್ಟು ಬಂದದ್ದು ಬಹಳ ತಡವಾಗಿ. ಆಗ ನನ್ನ ಸಿಟ್ಟೆಲ್ಲ ಅವ್ವನ ಕಡೆಗೇ ಖರ್ಚಾಗುತ್ತಿತ್ತು.

ಅವ್ವ ಬಾಗಲಕೋಟೆಯ ಹತ್ತಿರದ ಹಳ್ಳಿಯವಳು. ಮದುವೆಯಾಗಿ ಮುಂಬಯಿಗೆ ಬರುವಾಗ ಅವಳ ಹತ್ತಿರ ನಾಲ್ಕು ಇಳಕಲ್ ಸೀರೆಗಳಿದ್ದವು. ಬಂದ ವಾರವೇ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದಾಗ, ಪಕ್ಕದ ಚಾಳಿನ ಹೆಂಗಸೊಬ್ಬಳು ಅವಳನ್ನು ಮೇಲಿನಿಂದ ಕೆಳಗೆ ನೋಡಿ, ನಿನ್ನ ಗಂಡ ಯಾವ ಬಿಲ್ಡಿಂಗಿನ ಕೆಲಸಕ್ಕೆ ಹೋಗುತ್ತಾನೆ ಎಂದು ಕೇಳಿದಳಂತೆ. ಮುಂಬಯಿಯಲ್ಲಿ ಆ ಸೀರೆ ಉಟ್ಟವರು ಅಂದರೆ ನಮ್ಮ ವಿಜಾಪುರದ ಕಡೆಯಿಂದ ಬಂದು ಗೌಂಡಿಗಳ ಕೈಕೆಳಗೆ ತಲೆಯ ಮೇಲೆ ಸಿಮೆಂಟು ಹೊರುವ ಹೆಂಗಸರು. ಮಿಕ್ಕವರಿಗೆ ಅಷ್ಟೇ ಗೊತ್ತು. ಅವ್ವ ಮರುದಿನವೇ ಅಪ್ಪನನ್ನು ಕಾಡಿ ಒಂದು ನಾಯ್ಲಾನ್ ಸೀರೆ ತರಿಸಿಕೊಂಡಳು. ನಾಲ್ಕು ಇಳಕಲ್ಲುಗಳಲ್ಲಿ ಎರಡು ಹಾಸಿಗೆಗೆ ಹೋದವು, ಎರಡು ಭಾಂಡೇವಾಲಿಗೆ ಹೋದವು. ಭಾಂಡೇವಾಲಿ ಎಂದರೆ ಹಳೆಯ ಬಟ್ಟೆ ತೆಗೆದುಕೊಂಡು ಸ್ಟೀಲಿನ ಪಾತ್ರೆ ಕೊಡುವವಳು. ತಲೆಯ ಮೇಲೆ ಪಾತ್ರೆಯ ಬುಟ್ಟಿ, ಹೆಗಲ ಮೇಲೆ ಬಟ್ಟೆಯ ಗಂಟು ಹೊತ್ತು ವಾರಕ್ಕೊಮ್ಮೆ ಗ್ಯಾಲರಿಗೆ ಬರುತ್ತಿದ್ದಳು. ನಲ್ಲಿಯ ಆ ಕಥೆಯನ್ನು ಅವ್ವ ನನಗೆ ನೂರು ಸಲ ಹೇಳಿದ್ದಾಳೆ, ಪ್ರತಿ ಸಲವೂ ಆ ಪ್ರಶ್ನೆ ಕೇಳಿದವಳು ನಾನೇ ಎಂಬಂಥ ದನಿಯಲ್ಲಿ.

ಆ ಒಂದು ಪ್ರಶ್ನೆಗೆ ಉತ್ತರ ಕೊಡುವುದರಲ್ಲಿ ನಮ್ಮ ಮನೆಯ ಇಪ್ಪತ್ತು ವರ್ಷ ಹೋಯಿತು. ನಾಯ್ಲಾನ್ ಸೀರೆಗೆ ಇಸ್ತ್ರಿ ಬೇಕಿಲ್ಲ, ಆದರೂ ಅವ್ವ ಇಸ್ತ್ರಿ ಮಾಡಿ ಒಂದನ್ನು ಸುಟ್ಟಳು. ಅತ್ತೆ ಜೋಳದ ರೊಟ್ಟಿ ಬಡಿಯಲು ಕೂತರೆ ಅವ್ವ ಎದ್ದು ಹೋಗಿ ಗ್ಯಾಲರಿಯ ಬಾಗಿಲು ಹಾಕುತ್ತಿದ್ದಳು, ತಪತಪ ಸಪ್ಪಳ ಅಕ್ಕಪಕ್ಕದವರಿಗೆ ಕೇಳಬಾರದೆಂದು. ಬೇಸಿಗೆಯಲ್ಲಿ ಆ ಮುಚ್ಚಿದ ಖೋಲಿಯಲ್ಲಿ ಒಲೆಯ ಮುಂದೆ ಕೂತ ಅತ್ತೆಯ ಬೆವರು ಹಿಟ್ಟಿಗೆ ಇಳಿಯುತ್ತಿತ್ತು. ರೊಟ್ಟಿ ತಿನ್ನುವುದರಲ್ಲಿ ಮಾತ್ರ ಅವ್ವ ಯಾರಿಗೂ ಕಡಿಮೆಯಿರಲಿಲ್ಲ. ಯಾರಾದರೂ ಮನೆಗೆ ಬರುವವರಿದ್ದರೆ ಚಪಾತಿ, ಮತ್ತು ಅತ್ತೆಗೆ ಒಂದು ಸೂಚನೆ:

"ಅಕ್ಕಾ, ನೀವು ಒಳಗs ಇರ್ರಿ. ಹೊರಗ ಬರಾಕ ಹೋಗಬ್ಯಾಡ್ರಿ."

"ಬರೂದಿಲ್ಲ ತಗೋ. ಮೋರ್ಯಾಗ ಹೋಗಿ ಕುಂದರ್ಲೇನು?"

"ಹಂಗೇನ ಹೇಳಿಲ್ಲ ನಾ."

ಹಾಗೇ ಹೇಳಿದ್ದಳು. ಅತ್ತೆ ಉಡುತ್ತಿದ್ದದ್ದು ಇಳಕಲ್ ಬಿಟ್ಟರೆ ಬೇರೆ ಇಲ್ಲ, ಅದೂ ಬಣ್ಣ ಹೋದದ್ದು. ಅದೇ ಅವಳ ಅಪರಾಧ.

ನನಗೆ ಹದಿನೇಳು ತುಂಬಿದಾಗ ಘಾಟ್ಕೋಪರಿನ ಕಾಲೇಜಿಗೆ ಸೇರಿದೆ. ಅಲ್ಲಿ ಎಲ್ಲರೂ ಬೆಲ್ ಬಾಟಮ್, ದೊಡ್ಡ ಕಾಲರು, ಕಣ್ಣು ಕುಕ್ಕುವ ಹೂವಿನ ಟೆರಿಲಿನ್. ನನಗೆ ಅವ್ವ ಹೊಲಿಸಿಕೊಟ್ಟ ಎರಡು ನಾಯ್ಲಾನ್ ಚೂಡಿದಾರ್‌ಗಳಿದ್ದವು, ಒಂದು ಗಿಳಿಹಸಿರು, ಇನ್ನೊಂದು ಅದಕ್ಕಿಂತ ಕೆಟ್ಟ ಗುಲಾಬಿ. ಅವು ಮೈಗೆ ಅಂಟಿಕೊಂಡು ಸುಡುತ್ತಿದ್ದವು. ಲೋಕಲ್‌ನ ಜನಜಂಗುಳಿಯಲ್ಲಿ ನಿಂತಾಗ ನನಗೆ ನನ್ನ ಮೈಯೇ ಬೇಡವಾಗುತ್ತಿತ್ತು. ಅಂಥ ಒಂದು ಸಂಜೆ ಅತ್ತೆ ಟ್ರಂಕು ತೆಗೆದು ನುಸಿಗುಳಿಗೆ ಹಾಕುತ್ತಿದ್ದಳು. ಬಟ್ಟೆಗಳ ನಡುವೆ ಒಂದು ಫೋಟೋ ಇತ್ತು. ಬಾಗಲಕೋಟೆಯ ಸ್ಟುಡಿಯೋದಲ್ಲಿ ತೆಗೆಸಿದ್ದು. ಗಂಡ ಕುರ್ಚಿಯ ಮೇಲೆ, ಪಕ್ಕದಲ್ಲಿ ಅತ್ತೆ ನಿಂತಿದ್ದಾಳೆ. ಕಪ್ಪು ಚಂದ್ರಕಾಳಿ ಸೀರೆ, ಮೊಣಕೈವರೆಗೆ ಉಬ್ಬಿ ಕೆಳಗೆ ಬಿಗಿಯಾದ ಪುಗ್ಗಾ ತೋಳಿನ ಕುಬಸ, ಹೆಗಲ ಮೇಲೆ ಸೆರಗಿಗೆ ಚುಚ್ಚಿದ ಬ್ರೂಚು, ಓರೆ ಬೈತಲೆ. ಅವಳ ಕೈಯ ಗಡಿಯಾರ ಸ್ಟುಡಿಯೋದವನದಂತೆ. ಅತ್ತೆ ಕ್ಯಾಮೆರಾವನ್ನು ನೋಡುತ್ತಿದ್ದ ರೀತಿಗೆ ನಾನು ದಂಗಾದೆ. ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಹಾಗೆ ನೇರವಾಗಿ ನೋಡಿದ್ದು ನಾನು ಕಂಡಿರಲಿಲ್ಲ.

"ಈ ಸೀರಿ ಎಲ್ಲಿ ಅತ್ತಿ?"

"ಇಲ್ಲೇ ಐತಿ. ಎಲ್ಲಿ ಹೊಕ್ಕೈತಿ? ನನ್ನ ಮದಿವ್ಯಾಗಿಂದು."

ಅವಳು ಫೋಟೋದ ಕೆಳಗಿನಿಂದ ಅದನ್ನು ತೆಗೆದಳು. ಕಪ್ಪು ಮೈ, ಅಗಲವಾದ ಕೆಂಪು ರೇಷ್ಮೆಯ ದಡಿ, ಸೆರಗಿನಲ್ಲಿ ಬಿಳಿ ತೆನೆಗಳು ಸಾಲಾಗಿ ನಿಂತಿದ್ದವು. ಕುಬಸವೂ ಇತ್ತು, ಗುಳೇದಗುಡ್ಡದ ಖಣ, ಕಂಕುಳಲ್ಲಿ ಮಾತ್ರ ಸ್ವಲ್ಪ ಹರಿದಿತ್ತು. ಗಂಡ ಸತ್ತ ಮೇಲೆ ಅವಳು ಅವನ್ನು ಉಟ್ಟಿರಲಿಲ್ಲ. ನಾನು ಉಟ್ಟುಕೊಳ್ಳಲೇ ಎಂದೆ. ಅವಳು ಒಪ್ಪಿದ್ದು ನನ್ನ ಮೇಲಿನ ಪ್ರೀತಿಯಿಂದಲೋ ಅವ್ವನ ಮೇಲಿನ ಸೇಡಿನಿಂದಲೋ ನನಗೆ ಇಂದಿಗೂ ಗೊತ್ತಿಲ್ಲ. ಎರಡೂ ಇದ್ದಿರಬೇಕು. ಹರಿದದ್ದನ್ನು ಹೊಲಿದಳು, ಎದೆಯ ಹತ್ತಿರ ಬಿಗಿ ಮಾಡಿದಳು, ನಿರಿಗೆ ಹಿಡಿಯುವುದನ್ನು ಕಲಿಸಿದಳು.

ಮೊದಲ ದಿನ ಕಾಲೇಜಿಗೆ ಹಾಗೆ ಹೋದಾಗ ನಾನು ಏನು ಕಂಡೆನೆಂದು ಬರೆಯಲು ನಾಚಿಕೆಯಿಲ್ಲ. ನನ್ನನ್ನು ಕಂಡೆ. ಓರೆ ಬೈತಲೆ, ಒಂದೇ ಜಡೆ, ಅಪ್ಪನ ಹಳೆಯ ದಪ್ಪ ಚರ್ಮದ ಪಟ್ಟಿಯ ಗಡಿಯಾರ, ಕೊಲ್ಹಾಪುರಿ ಚಪ್ಪಲಿ, ಹೆಗಲಿಗೆ ಬಟ್ಟೆಯ ಚೀಲ. ಹತ್ತಿಯ ಸೀರೆ ಗಾಳಿಯಾಡುತ್ತಿತ್ತು. ಮೈ ಮೊದಲ ಬಾರಿಗೆ ನನ್ನದೆನ್ನಿಸಿತು. ಕೆಲವರು ನಕ್ಕರು, ಅಜ್ಜಿ ಬಂದಳು ಎಂದರು. ಬೆಲ್ ಬಾಟಮ್ಮಿನ ಇಬ್ಬರು ಹುಡುಗಿಯರು ಎಲ್ಲಿ ಸಿಗುತ್ತದೆಂದು ಕೇಳಿದರು. ಎಲ್ಲೂ ಸಿಗುವುದಿಲ್ಲ ಎಂದು ಹೇಳುವಾಗ ನನಗಾದ ಸುಖ ಅಷ್ಟಿಷ್ಟಲ್ಲ. ವಾರಕ್ಕೊಂದು ದಿನ ಇದ್ದದ್ದು ಮೂರು ದಿನವಾಯಿತು, ಅತ್ತೆಯ ಮತ್ತೆರಡು ಹಳೆಯ ಸೀರೆಗಳೂ ಸರದಿಗೆ ಬಂದವು. ಅವ್ವ ನಾನು ಹೊರಡುವ ಹೊತ್ತಿಗೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು.

"ಗೌಂಡ್ಯಾನ ಹೇಂತಿ ಹಂಗ ಕಾಣಾಕತ್ತಿ. ಬಿಚ್ಚಿ ಇಡು."

"ನೀನೂ ಇದನ್ನs ಉಟಗೊಂಡು ಬಂದಿದ್ದಿ."

"ಬಂದಿದ್ದೆ. ಅದಕ್ಕs ಹೇಳಾಕತ್ತೀನಿ. ಮಂದಿ ಏನ ನೋಡ್ತಾರ ನನಗ ಗೊತ್ತೈತಿ, ನಿನಗ ಗೊತ್ತಿಲ್ಲ."

"ಮಂದಿ ನೋಡ್ಲಿ."

"ನೋಡ್ತಾರ ನೋಡ್ತಾರ. ಒಂದಿನ ನೋಡ್ತಾರ."

ಅಪ್ಪ ಮಂಚದ ಮೇಲಿಂದ "ಹೋಗ್ಲಿ ಬಿಡು" ಎನ್ನುತ್ತಿದ್ದ. ನಾನು ಅವ್ವನ ತೋಳಿನ ಕೆಳಗೆ ನುಸುಳಿ ಓಡುತ್ತಿದ್ದೆ. ಕೆಳಗಿನಿಂದ ತಲೆಯೆತ್ತಿ ನೋಡಿದರೆ ಅತ್ತೆ ಅಡಿಗೆಮನೆಯ ಕಿಟಕಿಯಲ್ಲಿ ನಿಂತಿರುತ್ತಿದ್ದಳು.

ಆ ವರ್ಷ ರೈಲು ಹಳಿಯ ಆಚೆ, ಮುಲುಂಡಿನ ಪೂರ್ವಕ್ಕೆ, ಒಂದು ಹೌಸಿಂಗ್ ಸೊಸೈಟಿಯ ಬಿಲ್ಡಿಂಗ್ ಏಳುತ್ತಿತ್ತು. ಅಪ್ಪನ ಕಾರ್ಖಾನೆಯ ಅಕೌಂಟೆಂಟರೊಬ್ಬರ ಕೈಯಿಂದ ನಮ್ಮ ಅರ್ಜಿಯೂ ಹೋಗಿತ್ತು. ಎಲ್ಲ ಫ್ಲ್ಯಾಟುಗಳಿಗೂ ಮೆಂಬರು ಸಿಕ್ಕಿ ಒಂದೇ ಒಂದು ಉಳಿದಿತ್ತು, ಅದಕ್ಕೆ ನಾವು ಮತ್ತು ಇನ್ನೊಂದು ಮನೆಯವರು. ಸೆಕ್ರೆಟರಿ ಕಾಗದ ನೋಡುತ್ತಿದ್ದ, ಅವನ ಹೆಂಡತಿ ಜನರನ್ನು ನೋಡುತ್ತಿದ್ದಳು. ಎಲ್ಲರೂ ಅವಳನ್ನು ಭಾಭಿ ಎನ್ನುತ್ತಿದ್ದರು. ಅವಳಿಗೆ ಒಳ್ಳೆಯ ಮನೆತನದವರು ಬೇಕಾಗಿದ್ದರು. ಆ ಫ್ಲ್ಯಾಟಿಗಾಗಿ ಅವ್ವ ಸೋಮವಾರದ ಉಪವಾಸ ಹಿಡಿದಳು, ಮಾತಿನಲ್ಲಿ ಹಿಂದಿ ಬೆರೆಸಿದಳು, ನಲ್ಲಿಯ ಹತ್ತಿರ ಜಗಳ ಬಿಟ್ಟಳು. ಸ್ವಂತ ಮೋರಿ, ಸ್ವಂತ ನಲ್ಲಿ, ಬಾಗಿಲ ಮೇಲೆ ಅಪ್ಪನ ಹೆಸರು. ಅವಳು ಅಷ್ಟು ಆಸೆಪಟ್ಟದ್ದನ್ನು ನಾನು ಮತ್ತೆಂದೂ ನೋಡಲಿಲ್ಲ. ಆ ಆಸೆಯನ್ನು ಆಗ ನಾನು ಗೇಲಿ ಮಾಡುತ್ತಿದ್ದೆ.

ಒಂದು ಸಂಜೆ ಭಾಭಿ ಅವ್ವನನ್ನು ಆ ಹೊಸ ಬಿಲ್ಡಿಂಗಿಗೇ ಬರಹೇಳಿದಳು, ಕೆಳಗಿನ ಖೋಲಿಯೊಂದರಲ್ಲಿ ಸೊಸೈಟಿಯ ಆಫೀಸು ಆಗಲೇ ಶುರುವಾಗಿತ್ತು. ಫಾರ್ಮು ಇಂಗ್ಲಿಷಿನಲ್ಲಿದ್ದುದರಿಂದ ಅವ್ವನಿಗೆ ನಾನು ಬೇಕಾದೆ. ಕಾಲೇಜಿನಿಂದ ನೇರವಾಗಿ ಸ್ಟೇಷನ್ನಿನ ಸೇತುವೆಗೆ ಬಾ ಎಂದಿದ್ದಳು. ಆ ದಿನ ನಾನು ಚಂದ್ರಕಾಳಿ ಉಟ್ಟಿದ್ದೆ. ಬೇಕೆಂದೇ ಉಟ್ಟಿದ್ದೆಯಾ ಎಂದು ಅವ್ವ ಆಮೇಲೆ ಕೇಳಿದಳು. ಹೌದು, ಬೇಕೆಂದೇ. ಸೇತುವೆಯ ಮೇಲೆ ನನ್ನನ್ನು ಕಂಡ ಕೂಡಲೇ ಅವಳ ಮುಖ ಬಿಳಿಚಿಕೊಂಡಿತು. ಮನೆಗೆ ಹೋಗಿ ಬದಲಿಸಿ ಬರಲು ಹೊತ್ತಿರಲಿಲ್ಲ. ಹತ್ತಿರ ನಿಲ್ಲಬೇಡ, ಎರಡು ಹೆಜ್ಜೆ ಹಿಂದೆ ಬಾ ಎಂದಳು.

ಬಿಲ್ಡಿಂಗಿನ ಮುಂದೆ ಕೆಲಸ ಇನ್ನೂ ನಡೆದಿತ್ತು. ಮರಳಿನ ಗುಡ್ಡೆ, ಕಲಸಿದ ಸಿಮೆಂಟು, ಬಿದಿರಿನ ಅಟ್ಟಣಿಗೆ. ಏಳೆಂಟು ಹೆಂಗಸರು ಸಿಮೆಂಟು ತುಂಬಿದ ಕಬ್ಬಿಣದ ಬುಟ್ಟಿ, ಘಮೇಲಾ, ಹೊತ್ತು ಹಲಗೆಯ ಮೇಲೆ ಹತ್ತಿ ಇಳಿಯುತ್ತಿದ್ದರು. ಎಲ್ಲರೂ ಇಳಕಲ್ ಸೀರೆಯವರು, ಎತ್ತಿ ಕಟ್ಟಿದ್ದರು. ಭಾಭಿ ಇನ್ನೂ ಬಂದಿರಲಿಲ್ಲ. ಅವ್ವ ಬಾಗಿಲ ಹತ್ತಿರ ನಿಂತು ಬೆವರು ಒರೆಸಿಕೊಳ್ಳುತ್ತಿದ್ದಳು. ನಾನು ಆ ಹೆಂಗಸರನ್ನು ನೋಡುತ್ತಿದ್ದೆ. ತುಂಬಿದ ಘಮೇಲಾವನ್ನು ಒಬ್ಬಳೇ ತಲೆಗೆ ಎತ್ತಿಕೊಳ್ಳಲಾಗುವುದಿಲ್ಲ, ಇನ್ನೊಬ್ಬಳು ಕೈಹಚ್ಚಬೇಕು. ಒಬ್ಬಳು, ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಜೊತೆಯವಳು ಮೇಲೆ ಹೋಗಿದ್ದರಿಂದ ಸುಮ್ಮನೆ ನಿಂತಿದ್ದಳು. ನನ್ನ ಸೀರೆ ನೋಡಿ ಕನ್ನಡದಲ್ಲೇ ಕರೆದಳು:

"ತಂಗೀ, ಒಂದೀಟು ಕೈ ಹಚ್ಚ ಬಾರವ್ವ."

ಚೀಲವನ್ನೂ, ಕೊಳೆಯಾಗದಿರಲೆಂದು ಗಡಿಯಾರವನ್ನೂ ಅವ್ವನ ಕೈಗೆ ಕೊಟ್ಟು ನಾನು ಹೋಗಿ ಎತ್ತಿಕೊಟ್ಟೆ. ಅಂಚಿನಿಂದ ಸಿಮೆಂಟಿನ ನೀರು ಚೆಲ್ಲಿ ನನ್ನ ಕೈಯೂ ಸೆರಗೂ ಒದ್ದೆಯಾದವು. ಹಿಂದೆಯೇ ಇನ್ನೊಬ್ಬಳು ಬಂದಳು, ಅವಳಿಗೂ ಎತ್ತಿಕೊಟ್ಟೆ. ಆಗ ನನ್ನ ಬೆನ್ನ ಹಿಂದೆ ಒಂದು ಗಟ್ಟಿ ದನಿ ಕೇಳಿಸಿತು.

"ಏ ಬಾಯಿ! ಸಾಮ್ನೇ ಕಾಹೇ ಕೋ ಖಡೀ ಹೈ? ಪೀಛೇ ಸೇ ಜಾ!"

ಭಾಭಿ ಬಂದಿದ್ದಳು. ಮುಂದೆ ಯಾಕೆ ನಿಂತಿದ್ದೀಯ, ಹಿಂದಿನಿಂದ ಹೋಗು ಎಂದು ನನ್ನತ್ತ ಕೈ ಬೀಸುತ್ತಿದ್ದಳು. ನನಗೆ ಮೊದಲು ನಗು ಬಂತು. ಈಗ ಅವ್ವ ಹೇಳುತ್ತಾಳೆ, ಭಾಭಿ ನಾಲಿಗೆ ಕಚ್ಚಿಕೊಳ್ಳುತ್ತಾಳೆ, ನಾನು ಮನೆಗೆ ಹೋಗಿ ಅತ್ತೆಗೆ ಹೇಳಿ ನಗುತ್ತೇನೆ ಎಂದುಕೊಂಡು ಅವ್ವನ ಕಡೆ ನೋಡಿದೆ. ಅವಳು ನನ್ನಿಂದ ನಾಲ್ಕು ಮಾರು ದೂರದಲ್ಲಿ, ನನ್ನ ಚೀಲವನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು. ಬಾಯಿ ತೆರೆಯಲಿಲ್ಲ. ಭಾಭಿ ಅವಳ ಕಡೆ ತಿರುಗಿ, ಇವರೆಲ್ಲ ನಿಮ್ಮ ಊರಿನ ಕಡೆಯವರೇ ಅಲ್ಲವೇ ಎಂದು ಹಿಂದಿಯಲ್ಲಿ ಕೇಳಿದಳು. ಆಗ ಅವ್ವ ಮಾತಾಡಿದಳು.

"ನಹೀ ಜೀ. ಹಮಾರೇ ತರಫ್ ಐಸಾ ಸಾಡೀ ನಹೀ ಪಹೆನ್ತೇ."

ನಮ್ಮ ಕಡೆ ಇಂಥ ಸೀರೆ ಉಡುವುದಿಲ್ಲ. ಇಷ್ಟು ಹೇಳಿ ಅವಳು ಭಾಭಿಯ ಹಿಂದೆ ಒಳಗೆ ಹೋದಳು. ಫಾರ್ಮು ಓದಲು ನಾನು ಬೇಕಾಗಲಿಲ್ಲ.

ನಾನು ಬಿಲ್ಡಿಂಗಿನ ಹಿಂದುಗಡೆಗೆ ಹೋದೆ. ಯಾಕೆ ಹೋದೆನೋ, ಕೂಗಾಡಬಹುದಿತ್ತು, ಮನೆಗೆ ಓಡಬಹುದಿತ್ತು. ಕಾಲುಗಳು ಹೇಳಿದ ಕಡೆ ಹೋದವು. ಹಿಂದೆ ನೀರಿನ ಪೀಪಾಯಿ, ಮಲಗಿದ ಕೂಸುಗಳು, ಕೆಲಸದವರ ಗಂಟುಗಳು. ಕೈಹಚ್ಚಲು ಕರೆದಿದ್ದ ಆ ಹೆಂಗಸು ನೀರು ಕುಡಿಯಲು ಬಂದವಳು ನನ್ನನ್ನು ನೋಡಿ ಹತ್ತಿರ ಕೂತಳು.

"ಆಕಿ ನಿಮ್ಮವ್ವನಾ?"

"ಹೂಂ."

"ಮತ್ತ ನಿನ್ನ ಇಲ್ಲೇ ಬಿಟ್ಟ ಹೋದಳಲ್ಲ?"

ಅವಳು ನನ್ನ ಸೆರಗಿನ ಮೇಲೆ ಒಣಗುತ್ತಿದ್ದ ಸಿಮೆಂಟನ್ನು ಉಗುರಿನಿಂದ ಕೆರೆದಳು.

"ಚಂದ್ರಕಾಳಿ ಇದು. ಇಂಥಾದ್ದು ಉಟಗೊಂಡು ಯಾರರೆ ಇಲ್ಲಿ ಬರ್ತಾರೇನವ್ವ? ನನಗಿದ್ರ ನಾ ಹಬ್ಬಕ್ಕ ಉಡತಿದ್ದೆ."

ಅವಳ ಮೇಲೂ ನನಗೆ ಸಿಟ್ಟು ಬಂತು. ಆ ಸೀರೆ ನನಗೆ ಚೆಂದ ಕಾಣುತ್ತಿದ್ದದ್ದು ನನ್ನ ಹೆಗಲಲ್ಲಿ ಕಾಲೇಜಿನ ಚೀಲ ಇದ್ದದ್ದರಿಂದ, ಚೀಲ ಅವ್ವನ ಕೈಗೆ ಹೋದ ಮೇಲೆ ನಾನೂ ಅವಳೂ ಒಂದೇ ಎಂಬುದು ಆ ಪೀಪಾಯಿಯ ಹತ್ತಿರ ನನಗೆ ಹೊಳೆಯದೆ ಇರಲಿಲ್ಲ. ಆದರೆ ಹಾಗೆ ಹೊಳೆದದ್ದನ್ನು ಒಪ್ಪಿಕೊಂಡರೆ ಅವ್ವ ಹೇಳಿದ್ದು ಸರಿಯಾಗುತ್ತಿತ್ತು. ಅದಕ್ಕೆ ನಾನು ತಯಾರಿರಲಿಲ್ಲ, ಈಗಲೂ ಪೂರ್ತಿ ತಯಾರಿಲ್ಲ. ಒಂದು ತಾಸಾದ ಮೇಲೆ ಅವ್ವ ಹೊರಗೆ ಬಂದಳು. ಭಾಭಿ ಕಣ್ಮರೆಯಾಗುವವರೆಗೆ ಕಾದು, ಆಮೇಲೆ ಚೀಲ ಕೊಟ್ಟಳು. ಸೇತುವೆ ಹತ್ತುವಾಗ ನಾನು ಕೇಳಿದೆ:

"ನಾ ನಿನ್ನ ಮಗಳು ಅಂತ ಹೇಳಾಕ ನಿನಗ ಏನ ಬ್ಯಾನಿ ಆಗಿತ್ತು?"

"ಹೇಳಿದ್ದೆ ನಿನಗ. ಒಂದಿನ ಮಂದಿ ನೋಡ್ತಾರ ಅಂತ ಹೇಳಿದ್ದೆ."

"ಮಂದಿದು ಬಿಡು. ನೀ ಯಾಕ ಸುಮ್ಮ ನಿಂತಿ?"

"ಮನಿ ಬೇಕಾಗಿತ್ತು," ಎಂದಳು. ಅಷ್ಟೇ. ಅಳಲಿಲ್ಲ, ತಲೆ ತಗ್ಗಿಸಲಿಲ್ಲ.

ಅದೇ ವಾರದ ಗುರುವಾರ ನಾನು ಕಾಲೇಜಿನಿಂದ ಬಂದಾಗ ಅತ್ತೆ ಟ್ರಂಕಿನ ಮುಂದೆ ಕೂತಿದ್ದಳು. ಟ್ರಂಕು ಖಾಲಿಯಿತ್ತು, ತಳದಲ್ಲಿ ಫೋಟೋ ಒಂದೇ. ಅಡಿಗೆ ಕಟ್ಟೆಯ ಮೇಲೆ ಹೊಸ ಸ್ಟೀಲಿನ ಹಾಲಿನ ಕ್ಯಾನು ಹೊಳೆಯುತ್ತಿತ್ತು. ಅತ್ತೆ ಗಿರಣಿಗೆ ಹಿಟ್ಟು ಬೀಸಿಸಲು ಹೋದ ಹೊತ್ತು ನೋಡಿ ಅವ್ವ ಭಾಂಡೇವಾಲಿಯನ್ನು ಕರೆದಿದ್ದಳು. ಹಳೆಯದಾದರೂ ರೇಷ್ಮೆಯ ದಡಿ ಇದೆಯೆಂದು ಭಾಂಡೇವಾಲಿ ಖುಷಿಯಿಂದ ಕ್ಯಾನು ಕೊಟ್ಟು ಹೋದಳಂತೆ. ಮೇಲೊಂದು ಸೌಟನ್ನೂ ಕೊಟ್ಟಳಂತೆ. ಇದನ್ನೆಲ್ಲ ಅವ್ವ ಏನೂ ಆಗದವಳ ಹಾಗೆ ಹೇಳಿದಳು.

"ನನ್ನ ಮದಿವಿ ಸೀರಿ ಇತ್ತದು, ಶಾಂತಾ," ಎಂದಳು ಅತ್ತೆ.

"ಉಡ್ತಿದ್ದಿಲ್ಲಲ್ರಿ ಅಕ್ಕಾ ನೀವು. ನುಸಿ ತಿನ್ನಾಕತ್ತಿತ್ತು."

"ಸುಮಿ ಉಡ್ತಿದ್ದಳು."

"ಅದಕ್ಕs ಕೊಟ್ಟೆ."

ನಾನು ಕ್ಯಾನನ್ನು ಎತ್ತಿ ಗ್ಯಾಲರಿಯಿಂದ ಕೆಳಗೆ ಎಸೆದೆ. ಅದು ಅಂಗಳದ ಬಾವಿಕಟ್ಟೆಗೆ ಬಡಿದು ಉರುಳಿದ ಸದ್ದಿಗೆ ಇಡೀ ಚಾಳು ಹೊರಗೆ ಬಂತು. ಅವ್ವ ಎಲ್ಲರೆದುರು ನಗುತ್ತಾ, ಕೈ ಜಾರಿತು ಎಂದು ಮರಾಠಿಯಲ್ಲಿ ಹೇಳಿ, ಕೆಳಗಿಳಿದು, ನೆಗ್ಗಿದ ಕ್ಯಾನನ್ನು ತಂದು ತೊಳೆದು ಮತ್ತೆ ಅಲ್ಲೇ ಇಟ್ಟಳು. ನಾನು ಮುಲುಂಡು, ಭಾಂಡುಪು, ಕುರ್ಲಾದ ಹಳೆಬಟ್ಟೆಯವರನ್ನೆಲ್ಲ ಹುಡುಕಿದೆ. ಧಾರಾವಿಯಲ್ಲಿ ಬಟ್ಟೆಯ ಗಂಟುಗಳನ್ನು ಬಿಚ್ಚಿ ವಿಂಗಡಿಸುವ ಗಲ್ಲಿಗೂ ಹೋದೆ. ಅಲ್ಲಿ ಮನುಷ್ಯನಷ್ಟು ಎತ್ತರದ ಬಟ್ಟೆಯ ರಾಶಿಗಳಿದ್ದವು, ಸೀರೆಗಳನ್ನು ಹರಿದು ಮಷೀನು ಒರೆಸುವ ಚಿಂದಿ ಮಾಡುತ್ತಿದ್ದರು. ನನ್ನ ಸೀರೆ ಸಿಗಲಿಲ್ಲ. ಅತ್ತೆ ಆ ತಿಂಗಳು ಮುಗಿಯುವುದರೊಳಗೆ ಬಾಗಲಕೋಟೆಯ ಇನ್ನೊಬ್ಬ ತಮ್ಮನ ಮನೆಗೆ ಹೊರಟುಹೋದಳು. ಅಪ್ಪ ಅವಳನ್ನು ರೈಲು ಹತ್ತಿಸಿ ಬಂದ. ಏನು ಹೇಳಿದಳು ಎಂದು ಕೇಳಿದರೆ "ಹೋಗ್ಲಿ ಬಿಡು" ಎಂದ. ಹೊಸ ಮನೆಯ ಅಡಿಗೆಮನೆಯಲ್ಲಿ ಚಾಪೆ ಹಾಸಲು ಯಾರೂ ಉಳಿಯಲಿಲ್ಲ. ಅವ್ವನಿಗೆ ಅದೂ ಅನುಕೂಲವೇ ಆಯಿತು.

ಫ್ಲ್ಯಾಟು ನಮಗೇ ಸಿಕ್ಕಿತು. ಮರುವರ್ಷ ಮೂರನೇ ಮಹಡಿಗೆ ಹೋದೆವು. ನಾನು ಅವ್ವನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದೆ, ಅವಳು ತಂದದ್ದನ್ನೇ ಹಾಕಿಕೊಳ್ಳುತ್ತಿದ್ದೆ. ಕನ್ನಡಿ ನೋಡುವುದನ್ನು ಬಿಟ್ಟಿದ್ದೆ. ಬಣ್ಣ ಕೇಳಿದರೆ ಯಾವುದಾದರೂ ಆದೀತು ಎನ್ನುತ್ತಿದ್ದೆ. ನನ್ನನ್ನು ಹಾಗೆ ನೋಡಿ ಅವ್ವ ಗೆದ್ದೆ ಅಂದುಕೊಂಡಿದ್ದಳೋ ಏನೋ. ಒಂದು ಭಾನುವಾರ ಮಧ್ಯಾಹ್ನ ಭಾಭಿ ಚಹಾಕ್ಕೆ ಬಂದಳು. ಅಪ್ಪ ಮನೆಯಲ್ಲಿರಲಿಲ್ಲ. ಗಾಜಿನ ಕಪಾಟಿನ ಕಪ್ಪು ಬಸಿಗಳು ಮೊದಲ ಬಾರಿಗೆ ಹೊರಗೆ ಬಂದವು. ನಾನು ಟ್ರೇ ಹಿಡಿದು ಹೋದೆ, ಮೈಮೇಲೆ ಅವ್ವ ಆರಿಸಿದ ಹಳದಿ ನಾಯ್ಲಾನ್ ಸೀರೆ. ಭಾಭಿ ಕಪ್ಪು ತೆಗೆದುಕೊಳ್ಳುತ್ತಾ ನನ್ನ ಮುಖವನ್ನೇ ನೋಡಿದಳು. ಇವಳನ್ನು ಎಲ್ಲೋ ನೋಡಿದ್ದೇನೆ ಎಂದಳು.

ಅವ್ವನ ಕೈಯಲ್ಲಿ ತಿಂಡಿ ಫರಾಳದ ತಾಟು ಇತ್ತು, ಅದು ಅಲ್ಲೇ ನಿಂತಿತು. ನಾನು ಒಂದು ವರ್ಷದಿಂದ ಇದಕ್ಕೇ ಕಾದಿದ್ದೆನೇನೋ, ಮಾತು ತಾನಾಗಿಯೇ ಬಂತು. ಬಿಲ್ಡಿಂಗ್ ಕಟ್ಟುವಾಗ ನೋಡಿರುತ್ತೀರಿ, ಮುಂದುಗಡೆ ಘಮೇಲಾ ಎತ್ತಿಕೊಡುತ್ತಿದ್ದೆ, ನೀವೇ ಹಿಂದಿನಿಂದ ಹೋಗು ಅಂದಿರಿ ಎಂದೆ. ಕಲಿತ ಹಿಂದಿಯನ್ನು ಬಿಟ್ಟು ಆ ಹೆಂಗಸರು ಆಡುವ ಹಿಂದಿಯಲ್ಲೇ ಹೇಳಿದೆ.

"ಅಭೀ ಇನ್‌ಕೇ ಘರ್ ಮೇ ಬರ್ತನ್ ಮಾಂಜ್ತೀ."

ಈಗ ಇವರ ಮನೆಯಲ್ಲಿ ಪಾತ್ರೆ ತಿಕ್ಕುತ್ತೇನೆ ಎಂದು ಅವ್ವನ ಕಡೆ ಬೊಟ್ಟು ಮಾಡಿದೆ. ಭಾಭಿ ನಂಬಿದಳು. ಸಂಕೋಚವೇನೂ ಪಡಲಿಲ್ಲ, ತನ್ನ ನೆನಪು ಸರಿಯಿತ್ತೆಂದು ಖುಷಿಪಟ್ಟಳು. ಹುಡುಗಿ ಚೊಕ್ಕಟವಾಗಿದ್ದಾಳೆ, ನಮ್ಮ ಮನೆಗೂ ನಾಳೆಯಿಂದ ಕಳಿಸಿ, ಆದರೆ ಇವಳನ್ನು ಮುಂದಿನ ಮೆಟ್ಟಿಲಿನಿಂದ ಹತ್ತಲು ಬಿಡಬೇಡಿ, ಹಿಂದಿನದು ಇದೆಯಲ್ಲ ಎಂದು ಅವ್ವನಿಗೆ ಹೇಳಿದಳು. ನಾನು ಅವ್ವನನ್ನು ನೋಡುತ್ತಾ ನಿಂತೆ. ಸುಮ್ಮನಿರು, ಸುಮ್ಮನಿರು ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಅವಳು ಇನ್ನೊಮ್ಮೆ ಸುಮ್ಮನಿದ್ದಿದ್ದರೆ ನಾನು ಅವಳನ್ನು ಜೀವನಪೂರ್ತಿ ಮನಸ್ಸಿಟ್ಟು ದ್ವೇಷಿಸಬಹುದಿತ್ತು. ಅಷ್ಟು ಸುಲಭವಾಗುತ್ತಿತ್ತು.

ಅವ್ವ ತಾಟನ್ನು ಟೇಬಲ್ಲಿನ ಮೇಲೆ ಇಟ್ಟಳು.

"ಕಾಮ್‌ವಾಲೀ ನಹೀ ಹೈ," ಎಂದಳು. "ಮೇರೀ ಬೇಟೀ ಹೈ."

ಕೆಲಸದವಳಲ್ಲ, ನನ್ನ ಮಗಳು. ಭಾಭಿ ನಕ್ಕಳು, ತಮಾಷೆಯೆಂದುಕೊಂಡಳು. ಆಮೇಲೆ ನಮ್ಮಿಬ್ಬರ ಮುಖ ನೋಡಿ ನಗು ನಿಲ್ಲಿಸಿದಳು. ಹಾಗಾದರೆ ಆ ದಿನ ಸಿಮೆಂಟಿನ ಹತ್ತಿರ ಇದ್ದವಳು ಯಾರು ಎಂದು ಕೇಳಿದಳು.

"ವೋಹೀಚ್ ಥೀ. ಉಸ್ ದಿನ್ ಭೀ ಮೇರೀ ಬೇಟೀಚ್ ಥೀ. ವೋ ಸಾಡೀ ಭೀ ಹಮಾರೇ ತರಫ್ ಕಾ. ಮೈ ಝೂಟ್ ಬೋಲೀ."

ಇವಳೇ ಇದ್ದದ್ದು, ಆ ದಿನವೂ ನನ್ನ ಮಗಳೇ, ಆ ಸೀರೆಯೂ ನಮ್ಮ ಕಡೆಯದೇ, ನಾನು ಸುಳ್ಳು ಹೇಳಿದೆ ಎಂದು ಅವಳು ಆ ಮನೆಯಲ್ಲಿ, ಆ ಹೆಂಗಸಿನ ಮುಂದೆ, ತನ್ನ ಹರಕು ಹಿಂದಿಯಲ್ಲಿ ಹೇಳಿದಳು. ದನಿ ಜೋರಾಗಿತ್ತು. ತೆರೆದ ಬಾಗಿಲಿನಿಂದ ಎದುರಿನ ಫ್ಲ್ಯಾಟಿನವರಿಗೂ ಕೇಳಿರಬೇಕು. ಭಾಭಿ ಅರ್ಧ ಚಹಾ ಬಿಟ್ಟು ಎದ್ದಳು. ಮತ್ತೆ ಅವಳು ನಮ್ಮ ಮನೆಗೆ ಬರಲಿಲ್ಲ. ಹತ್ತು ವರ್ಷ ಆ ಬಿಲ್ಡಿಂಗಿನಲ್ಲಿ ಯಾರ ಹಳದಿ ಕುಂಕುಮಕ್ಕೂ ಅವ್ವನಿಗೆ ಕರೆ ಬರಲಿಲ್ಲ.

ಭಾಭಿಯ ಚಪ್ಪಲಿಯ ಸದ್ದು ಮೆಟ್ಟಿಲಿನಲ್ಲಿ ಅಡಗಿದ ಮೇಲೆ ಅವ್ವ ಬಾಗಿಲು ಹಾಕಿ ಬಂದು ನನ್ನ ಕೆನ್ನೆಗೆ ಬಾರಿಸಿದಳು. ಒಂದಲ್ಲ, ಎರಡು. ನಾನು ಕೈ ಅಡ್ಡ ಹಿಡಿಯಲಿಲ್ಲ. ಅವಳು ಕಪ್ಪು ಬಸಿಗಳನ್ನು ಬಾಚಿಕೊಂಡು ಒಳಗೆ ಹೋಗಿ ನಲ್ಲಿ ಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ನಾನೂ ಹೋಗಿ ಒಂದು ಕಪ್ಪಿಗೆ ಕೈಹಾಕಿದೆ. ಅವಳು ಒದ್ದೆ ಕೈಯಿಂದಲೇ ನನ್ನ ಕೈಯನ್ನು ಆಚೆ ನೂಕಿದಳು.

"ಮುಟ್ಟಬ್ಯಾಡ," ಎಂದಳು. "ನೀ ಏನ ಭಾಂಡಿ ತಿಕ್ಕಾಕಿ ಅಲ್ಲ ಈ ಮನ್ಯಾಗ."

ಆರೂ ಕಪ್ಪು, ಆರೂ ಬಸಿ, ಕುಡಿಯದೆ ಇದ್ದವನ್ನೂ ಸೇರಿಸಿ, ಅವಳೊಬ್ಬಳೇ ತೊಳೆದಳು.